ಮಮ್ಮಿಯ ಗುಟ್ಟು: ಒಣ ಸೋಡಾ

ಮಾನ್ಯರೇ,

ಈಜಿಪ್ಟಿನ ಮಮ್ಮಿಗಳ ಪ್ರಸ್ತಾಪ ಬಂದಾಗಲೆಲ್ಲ ‘ನಿಗೂಢ ರಸಾಯನ’ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ನಿಗೂಢವೇನೂ ಇಲ್ಲ. ವಾದಿ ನತ್ರೂನ್ ಕಣಿವೆಯ ಕೆರೆಗಳಲ್ಲಿ ಸಿಗುವ ನೇಟ್ರಾನ್ ಎಂಬ ಖನಿಜವೇ ಮುಖ್ಯ ಸಾಮಗ್ರಿ. ವಾಷಿಂಗ್ ಸೋಡಾ, ಅಡುಗೆ ಸೋಡಾ, ಉಪ್ಪು ಬೆರೆತದ್ದು ಅಷ್ಟೆ.

ಮೊದಲು ಕೊಳೆಯುವುದು ಒಳಾಂಗಗಳು. ಆದ್ದರಿಂದ ಮಿದುಳನ್ನು ಕೊಕ್ಕೆಯಿಂದ ಮೂಗಿನ ಮೂಲಕ, ಶ್ವಾಸಕೋಶ, ಯಕೃತ್ತು, ಜಠರ, ಕರುಳುಗಳನ್ನು ಹೊಟ್ಟೆಯ ಎಡಬದಿಯ ಸೀಳಿನಿಂದ ತೆಗೆಯುತ್ತಿದ್ದರು. ಹೃದಯವನ್ನು ಸಾಮಾನ್ಯವಾಗಿ ಅಲ್ಲೇ ಬಿಡುತ್ತಿದ್ದರು. ಬಳಿಕ ಒಳಗೂ ಹೊರಗೂ ನೇಟ್ರಾನ್ ತುಂಬಿ ಸುಮಾರು 40 ದಿನ ಒಣಗಿಸುವುದು. ದ್ರಾವಣದಲ್ಲಿ ನೆನೆಸುತ್ತಿದ್ದರೆಂಬ ಹಳೆಯ ಊಹೆ ಇನ್ನೂ ಅಲ್ಲಲ್ಲಿ ಅಚ್ಚಾಗುತ್ತದೆ. ಆದರೆ 1994ರಲ್ಲಿ ಅಮೆರಿಕದಲ್ಲಿ ಸಂಶೋಧಕರಾದ ಬಾಬ್ ಬ್ರೈಯರ್ ಮತ್ತು ರೊನಾಲ್ಡ್ ವೇಡ್ ದಾನವಾಗಿ ಬಂದ ದೇಹವನ್ನು ಪುಡಿ ನೇಟ್ರಾನ್‌ನಲ್ಲೇ 35 ದಿನ ಹೂತಿಟ್ಟು ಒಣಗಿಸಿ ತೋರಿಸಿದ್ದಾರೆ. ಪ್ರಾಚೀನ ಈಜಿಪ್ಟಿನಲ್ಲಿ ಎಣ್ಣೆ, ರಾಳ, ಲಿನನ್ ಪಟ್ಟಿಗಳ ಕೆಲಸವೂ ಸೇರಿ ಒಟ್ಟು 70 ದಿನ.

ರಾಳ ಅತಿಯಾದರೂ ಕೇಡೇ. ಈಜಿಪ್ಟಿನ ಅರಸ ತೂತಾಂಖಾಮುನ್‌ನ ದೇಹ ಅದರಿಂದಲೇ ಶವಪೆಟ್ಟಿಗೆಗೆ ಅಂಟಿ ಕಪ್ಪಾಗಿತ್ತು. 1925ರಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ತಂಡ ಅದನ್ನು ತುಂಡುತುಂಡಾಗಿ ಬಿಡಿಸಬೇಕಾಯಿತು.

ಇನ್ನೊಂದು ಶತ್ರು ತೇವ. ಬೂಷ್ಟು ಹಿಡಿದಿದ್ದ, ಅರಸ ಎರಡನೇ ರಾಮ್ಸೆಸ್‌ನ ಮಮ್ಮಿಯನ್ನು 1976ರಲ್ಲಿ ಪ್ಯಾರಿಸ್‌ಗೆ ಒಯ್ದು, ಗಾಮಾ ಕಿರಣ ಹಾಯಿಸಿ ಉಳಿಸಿದರು.

– ಇತಿಹಾಸ ಅಧ್ಯಾಪಕರು, ಮೈಸೂರು