ಮಕ್ಕಳ ಇಂಗ್ಲಿಷ್ ಶಬ್ದಸಂಪತ್ತಿನ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಕಳೆದ ಪೋಷಕರ ಸಭೆಯಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳ ತಂದೆತಾಯಂದಿರಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಕೇಳಿದಿರಿ. ಕನ್ನಡ ಮಾಧ್ಯಮದಲ್ಲಿ ಚೆನ್ನಾಗಿ ಓದಿದ ಮಗು ಪಿಯುಸಿಯಲ್ಲಿ ವಿಜ್ಞಾನ ಅಥವಾ ವಾಣಿಜ್ಯ ವಿಭಾಗಕ್ಕೆ ಸೇರಿದೊಡನೆ ಇಂಗ್ಲಿಷ್ ಪಠ್ಯದ ಮುಂದೆ ತಬ್ಬಿಬ್ಬಾಗುತ್ತದೆ, ಹಾಗಾಗದಂತೆ ಈಗಿನಿಂದಲೇ ಏನು ಮಾಡಬಹುದು ಎಂಬುದು ಆ ಪ್ರಶ್ನೆ. ಕೆಲವರು ಆಗಲೇ ಸ್ಪರ್ಧಾತ್ಮಕ ಪರೀಕ್ಷೆಗೆಂದು ಸಿದ್ಧಪಡಿಸಿದ ದಪ್ಪ ದಪ್ಪ ಪದಪಟ್ಟಿಯ ಗೈಡುಗಳನ್ನು ಕೊಂಡು, ದಿನಕ್ಕೆ ಇಪ್ಪತ್ತು ಪದಗಳಂತೆ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೀರಿ. ನಿಮ್ಮ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ಆ ದಾರಿಯಲ್ಲಿ ಹಣ ಮತ್ತು ಮಗುವಿನ ಉತ್ಸಾಹ ಎರಡೂ ವ್ಯರ್ಥವಾಗುತ್ತಿವೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯವಾದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊದಲಿಗೆ, ಮಗು ಎಡವುವುದು ಯಾವ ಪದಗಳಲ್ಲಿ ಎಂಬುದನ್ನು ಗಮನಿಸಬೇಕು. ಭೌತಶಾಸ್ತ್ರದ ಲೆಕ್ಕವೊಂದರಲ್ಲಿ ‘ಅಸ್ಯೂಮ್ ದಟ್ ದ ಫ್ರಿಕ್ಷನ್ ಈಸ್ ನೆಗ್ಲಿಜಿಬಲ್’ ಎಂಬ ವಾಕ್ಯವಿದೆ ಎಂದುಕೊಳ್ಳಿ. ಇದರಲ್ಲಿ ‘ಫ್ರಿಕ್ಷನ್’ ಎಂದರೆ ಘರ್ಷಣೆ ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರುತ್ತದೆ, ಏಕೆಂದರೆ ಪಾರಿಭಾಷಿಕ ಪದಗಳನ್ನು ಶಿಕ್ಷಕರು ವಿವರಿಸುತ್ತಾರೆ, ಪುಸ್ತಕವೂ ವ್ಯಾಖ್ಯಾನ ಕೊಡುತ್ತದೆ. ಮಗು ನಿಲ್ಲುವುದು ‘ಅಸ್ಯೂಮ್’ ಮತ್ತು ‘ನೆಗ್ಲಿಜಿಬಲ್’ ಎಂಬಲ್ಲಿ. ಘರ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ ಎಂದು ಪ್ರಶ್ನೆಯೇ ಹೇಳುತ್ತಿದ್ದರೂ ಅದು ತಿಳಿಯದೆ, ಸೂತ್ರ ಬಂದರೂ ಉತ್ತರ ತಪ್ಪುತ್ತದೆ. ‘ಡಿರೈವ್’, ‘ಕಾನ್ಸಿಕ್ವೆಂಟ್ಲಿ’, ‘ರೆಸ್ಪೆಕ್ಟಿವ್ಲಿ’, ‘ಜಸ್ಟಿಫೈ’, ‘ಸಫಿಶಿಯೆಂಟ್’ ಮುಂತಾದವು ಇದೇ ಜಾತಿಯವು. ಇವು ದಿನಬಳಕೆಯ ಮಾತಿನಲ್ಲಿ ಕಿವಿಗೆ ಬೀಳುವುದು ಕಡಿಮೆ, ಯಾವ ವಿಷಯದ ಶಿಕ್ಷಕರೂ ಇವನ್ನು ತಮ್ಮ ಪಾಠದ ಭಾಗವೆಂದು ಭಾವಿಸುವುದಿಲ್ಲ, ಆದರೂ ಎಲ್ಲ ವಿಷಯಗಳ ಪುಸ್ತಕಗಳಲ್ಲೂ ಇವು ಪುಟಪುಟಕ್ಕೂ ಇರುತ್ತವೆ.

ಈ ಬಗೆಯ ಪದಗಳನ್ನು ನ್ಯೂಜಿಲೆಂಡಿನ ಭಾಷಾ ವಿದ್ವಾಂಸೆ ಆವೆರಿಲ್ ಕಾಕ್ಸ್‌ಹೆಡ್ ಅವರು ವಿವಿಧ ಶಾಸ್ತ್ರವಿಷಯಗಳ ಬರಹಗಳಿಂದ ಆಯ್ದು 2000ದಲ್ಲಿ ಒಂದು ಪಟ್ಟಿಯಾಗಿ ಪ್ರಕಟಿಸಿದರು. ಅದರಲ್ಲಿರುವುದು 570 ಪದಕುಟುಂಬಗಳು ಮಾತ್ರ. ಅಂದರೆ ‘ಅನಲೈಸ್’, ‘ಅನಾಲಿಸಿಸ್’, ‘ಅನಲಿಟಿಕಲ್’ ಎಲ್ಲವನ್ನೂ ಸೇರಿಸಿ ಒಂದು ಎಂದು ಎಣಿಸಿದ ಲೆಕ್ಕ. ಉನ್ನತ ಶಿಕ್ಷಣದ ಪಠ್ಯದಲ್ಲಿ ಸುಮಾರು ಹತ್ತು ಪದಗಳಿಗೆ ಒಂದು ಈ ಕುಟುಂಬಗಳಿಗೆ ಸೇರಿದ್ದು ಎಂದು ಅವರ ಅಧ್ಯಯನ ತೋರಿಸಿತು. ಗೈಡುಗಳಲ್ಲಿ ಮೆರೆಯುವ ಅಪರೂಪದ ಪದಗಳನ್ನು ಮಗು ಪಿಯುಸಿ ಮುಗಿಸುವವರೆಗೂ ಒಮ್ಮೆಯೂ ಕಾಣದೆ ಹೋಗಬಹುದು. ಹೀಗಿರುವಾಗ ಯಾವುದಕ್ಕೆ ಮೊದಲು ಶ್ರಮ ಹಾಕಬೇಕೆಂಬುದು ತಾನೇ ಗೊತ್ತಾಗುತ್ತದೆ. ಪದವಿಯ ಹಂತದಲ್ಲಿ ಬೇಕಾದರೆ ಉಳಿದವನ್ನು ಕಲಿಯಲಿ, ಯಾರು ಬೇಡವೆನ್ನುತ್ತಾರೆ!

ಪಟ್ಟಿಯಿಂದ ಉರುಹೊಡೆದ ಪದಕ್ಕೆ ಇನ್ನೊಂದು ತೊಂದರೆಯಿದೆ. ಅದು ತನ್ನ ಜೊತೆಯ ಪದಗಳನ್ನು ಬಿಟ್ಟು ಒಂಟಿಯಾಗಿ ಬರುತ್ತದೆ. ಈಚೆಗೆ ರಜಾ ಅರ್ಜಿಯೊಂದರಲ್ಲಿ ವಿದ್ಯಾರ್ಥಿಯೊಬ್ಬ ತನಗೆ ‘ಜೈಗ್ಯಾಂಟಿಕ್ ಫೀವರ್’ ಬಂದಿದೆ ಎಂದು ಬರೆದಿದ್ದ. ‘ಬಿಗ್’ ಎಂಬುದರ ಎದುರು ಗೈಡಿನಲ್ಲಿ ಆ ಪದವಿತ್ತಂತೆ. ಜ್ವರಕ್ಕೆ ಇಂಗ್ಲಿಷಿನಲ್ಲಿ ‘ಹೈ’ ಎಂದೂ, ಮಳೆಗೆ ‘ಹೆವಿ’ ಎಂದೂ, ಚಹಾಕ್ಕೆ ‘ಸ್ಟ್ರಾಂಗ್’ ಎಂದೂ ರೂಢಿ. ಜೋರು ಮಳೆ, ಗಟ್ಟಿ ಚಹಾ ಎಂದು ನಾವು ಯಾವ ಪುಸ್ತಕ ನೋಡಿ ಕಲಿತದ್ದೂ ಅಲ್ಲ, ಕೇಳಿ ಕೇಳಿ ಬಂದದ್ದು. ಇಂಗ್ಲಿಷ್ ಕೇಳುವ ಅವಕಾಶ ಕಡಿಮೆಯಿರುವ ನಮ್ಮ ಮಕ್ಕಳಿಗೆ ಓದೇ ಆ ರೂಢಿಯನ್ನು ಕೊಡಬೇಕು.

ಆದ್ದರಿಂದ ಈ ವರ್ಷ ಪ್ರತಿ ಮಗುವೂ ಒಂದು ಪದಪುಸ್ತಕವನ್ನು ಇಡಬೇಕೆಂದು ನಿರ್ಧರಿಸಿದ್ದೇವೆ. ಅದರಲ್ಲಿ ದಿನಕ್ಕೆ ಮೂರೋ ನಾಲ್ಕೋ ಪದಗಳಿದ್ದರೆ ಸಾಕು. ಪದ ಸಿಕ್ಕಿದ ವಾಕ್ಯವನ್ನು ಇಡಿಯಾಗಿ ಬರೆದುಕೊಂಡು, ಆ ವಾಕ್ಯದಲ್ಲಿ ಅದಕ್ಕಿರುವ ಅರ್ಥವನ್ನು ಕನ್ನಡದಲ್ಲಿ ಬರೆದು, ಕೆಳಗೆ ತನ್ನದೇ ಮನೆಯ, ಊರಿನ ಸಂಗತಿಯನ್ನು ಹೇಳುವ ಒಂದು ಸ್ವಂತ ವಾಕ್ಯವನ್ನು ಸೇರಿಸಬೇಕು. ಹತ್ತನೇ ತರಗತಿಯ ಹುಡುಗಿಯೊಬ್ಬಳು ‘ರಿಲಕ್ಟೆಂಟ್’ ಎಂಬ ಪದಕ್ಕೆ ‘ಹಿಂದೇಟು ಹಾಕುವ’ ಎಂದು ಅರ್ಥ ಬರೆದು, ‘ಮೈ ಗ್ರ್ಯಾಂಡ್‌ಮದರ್ ವಾಸ್ ರಿಲಕ್ಟೆಂಟ್ ಟು ಗೋ ಟು ದ ಹಾಸ್ಪಿಟಲ್’ ಎಂದು ವಾಕ್ಯ ಮಾಡಿದ್ದಾಳೆ. ಅಜ್ಜಿ ಆಸ್ಪತ್ರೆಗೆ ಬರಲೊಲ್ಲದೆ ಮಾಡಿದ ರಂಪವೆಲ್ಲ ಆ ಮಗುವಿಗೆ ನೆನಪಿರುವುದರಿಂದ ಪದವೂ ನೆನಪಿರುತ್ತದೆ. ಬರೆದ ಪದವನ್ನು ಮರುದಿನ, ಆಮೇಲೆ ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು, ತಿಂಗಳು ಬಿಟ್ಟು ಅರ್ಥದ ಭಾಗ ಮುಚ್ಚಿಕೊಂಡು ನೆನಪಿಸಿಕೊಳ್ಳಬೇಕು. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು ವೇಗವಾಗಿ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ತೋರಿಸಿದ್ದಾನೆ. ಒಂದೇ ರಾತ್ರಿ ಐವತ್ತು ಸಲ ಓದುವುದಕ್ಕಿಂತ ಹೀಗೆ ಬಿಟ್ಟು ಬಿಟ್ಟು ನೆನಪಿಸಿಕೊಳ್ಳುವುದು ಲೇಸು.

ಕನ್ನಡ ವ್ಯಾಕರಣ ಓದಿದ ಮಕ್ಕಳಿಗೆ ಒಂದು ಅನುಕೂಲವೂ ಇದೆ. ಆಹಾರ, ವಿಹಾರ, ಪ್ರಹಾರ, ಸಂಹಾರ ಎಂದು ಉಪಸರ್ಗ ಬದಲಾದಂತೆ ಅರ್ಥ ಬದಲಾಗುವುದನ್ನು ಅವರು ಬಲ್ಲರು. ‘ಇಂಪೋರ್ಟ್’, ‘ಎಕ್ಸ್‌ಪೋರ್ಟ್’, ‘ಟ್ರಾನ್ಸ್‌ಪೋರ್ಟ್’ ಎಂಬಲ್ಲಿಯೂ ಹೊರುವುದು ಎಂಬರ್ಥದ ಲ್ಯಾಟಿನ್ ಧಾತು ಒಂದೇ. ಇದನ್ನು ತರಗತಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಶಿಕ್ಷಕರು ಸೇರಿಯೇ ಹೇಳಿಕೊಡಲಿದ್ದಾರೆ.

‘ನಮಗೆ ಇಂಗ್ಲಿಷ್ ಬರುವುದಿಲ್ಲ, ನಾವೇನು ಮಾಡೋಣ’ ಎಂದು ಕೇಳಿದ ತಾಯಂದಿರಿಗೆ ನನ್ನ ಉತ್ತರವಿಷ್ಟು. ಪದಪುಸ್ತಕ ತೆರೆದು, ಈ ವಾಕ್ಯ ಏನು ಹೇಳುತ್ತದೆ ಎಂದು ಮಗುವಿನಿಂದ ಕನ್ನಡದಲ್ಲಿ ಹೇಳಿಸಿ. ನಿಮಗೆ ಅರ್ಥವಾಗುವಂತೆ ಹೇಳಿದರೆ ಮಗುವಿಗೂ ಅರ್ಥವಾಗಿದೆ ಎಂದೇ ತಿಳಿಯಿರಿ. ಮನೆಗೆ ‘ಪ್ರಜಾವಾಣಿ’ ಬರುತ್ತಿದ್ದರೆ, ಒಂದು ಸುದ್ದಿಯನ್ನು ಮೊದಲು ಅದರಲ್ಲಿ ಓದಿ, ಅದೇ ಸುದ್ದಿಯನ್ನು ಶಾಲೆಯಲ್ಲಿ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯಲ್ಲಿ ಓದಲು ಹೇಳಿ. ವಿಷಯ ಮೊದಲೇ ತಿಳಿದಿರುವುದರಿಂದ ಹೊಸ ಪದಗಳ ಅರ್ಥ ಊಹೆಗೆ ಸಿಗುತ್ತದೆ. ವಿಜ್ಞಾನ ಪಠ್ಯಪುಸ್ತಕದ ಇಂಗ್ಲಿಷ್ ಮಾಧ್ಯಮದ ಪ್ರತಿಯೂ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತದೆ. ಕನ್ನಡದಲ್ಲಿ ಪಾಠ ಮುಗಿದ ಮೇಲೆ ಅದೇ ಪಾಠವನ್ನು ಅದರಲ್ಲಿ ಓದುವುದು ಪಿಯುಸಿಗೆ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲವೆನ್ನುವಷ್ಟು ಉಪಯುಕ್ತ. ನೆಂಟರಿಷ್ಟರ ಮುಂದೆ ಮಗುವನ್ನು ನಿಲ್ಲಿಸಿ ಇಂಗ್ಲಿಷ್ ಮಾತನಾಡಿಸುವುದನ್ನೂ, ತಪ್ಪಿದಾಗ ನಗುವುದನ್ನೂ ದಯವಿಟ್ಟು ಮಾಡಬೇಡಿ.

ನಿಘಂಟು ಕೊಳ್ಳುವ ಇಚ್ಛೆಯಿದ್ದರೆ, ಕಲಿಯುವವರಿಗಾಗಿಯೇ ರಚಿಸಿದ, ಉದಾಹರಣೆ ವಾಕ್ಯಗಳಿರುವ ನಿಘಂಟನ್ನೇ ಕೊಳ್ಳಿ. ಲಾಂಗ್‌ಮನ್ ಸಂಸ್ಥೆಯ ಇಂಥ ನಿಘಂಟಿನಲ್ಲಿ ಸುಮಾರು 2000 ಸರಳ ಪದಗಳನ್ನಷ್ಟೇ ಬಳಸಿ ಉಳಿದೆಲ್ಲ ಪದಗಳ ಅರ್ಥವನ್ನು ವಿವರಿಸಿದ್ದಾರೆ. ಕೊಳ್ಳಲು ಆಗದವರು ಚಿಂತಿಸಬೇಕಾಗಿಲ್ಲ. ಶಾಲೆಯ ಗ್ರಂಥಾಲಯದಲ್ಲಿ ಪ್ರತಿಗಳಿವೆ, ಶನಿವಾರ ತರಗತಿ ಮುಗಿದ ಮೇಲೂ ಒಂದು ಗಂಟೆ ಗ್ರಂಥಾಲಯ ತೆರೆದಿರುತ್ತದೆ.

ಪ್ರತಿ ತಿಂಗಳ ಕೊನೆಯ ಶನಿವಾರ ಪದಪುಸ್ತಕವನ್ನು ಮನೆಗೆ ಕಳುಹಿಸಿಕೊಡುತ್ತೇವೆ. ಅದನ್ನು ನೋಡಿ, ಕೊನೆಯ ಪುಟದಲ್ಲಿ ಸಹಿ ಮಾಡಿ ಸೋಮವಾರ ಹಿಂದಿರುಗಿಸಬೇಕು. ಇದಕ್ಕೆ ಅಂಕಗಳಿಲ್ಲ, ಪರೀಕ್ಷೆಯೂ ಇಲ್ಲ. ಸಂದೇಹಗಳಿದ್ದಲ್ಲಿ ಸಂಜೆ ನಾಲ್ಕೂವರೆಯ ನಂತರ ಇಂಗ್ಲಿಷ್ ಶಿಕ್ಷಕರನ್ನಾಗಲಿ ನನ್ನನ್ನಾಗಲಿ ಶಾಲೆಯಲ್ಲಿ ಕಾಣಬಹುದು.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು