ಮಗಳಿಗೊಂದು ಪತ್ರ: ಚಕ್ಕುಲಿ ಡಬ್ಬಿಯ ಕೆಳಗೆ

ಪುಟ್ಟಿ,

ಇದನ್ನು ಚಕ್ಕುಲಿ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಬೂಟಿನ ಚೀಲದಲ್ಲಿ ಇಟ್ಟಿದ್ದರೆ ಹುಬ್ಬಳ್ಳಿಯಲ್ಲಿ ಮ್ಯಾಚ್ ಮುಗಿದ ಮೇಲೆ ಸಿಗುತ್ತಿತ್ತು. ಡಬ್ಬಿಯಾದರೆ ರೈಲು ತುಮಕೂರು ದಾಟುವ ಮೊದಲೇ ತೆಗೀತೀಯ, ನನಗೆ ಗೊತ್ತಿಲ್ವಾ.

ಮೊದಲು ಒಂದು ತಪ್ಪೊಪ್ಪಿಗೆ. ಫುಟ್ಬಾಲ್ ತಂಡದಲ್ಲಿ ನಿನ್ನನ್ನು ಮುಂದಿನಿಂದ ತೆಗೆದು, ಹಿಂದೆ ಎಡಬದಿ ಕಾಯುವ ಲೆಫ್ಟ್ ಬ್ಯಾಕ್‌ಗೆ ಹಾಕಿದ ದಿನ ನೀನು ಊಟ ಮಾಡದೆ ಬಾಗಿಲು ಹಾಕಿಕೊಂಡೆಯಲ್ಲ, ಆ ರಾತ್ರಿ ನಾನು ನಿನ್ನ ಕೋಚ್‌ಗೆ ಫೋನ್ ಮಾಡಿದ್ದೆ. ನಿನಗೆ ಹೇಳಿರಲಿಲ್ಲ. ಹೋದ ವರ್ಷ 11 ಗೋಲು ಹೊಡೆದ ಹುಡುಗಿ ಸರ್, ಅವಳನ್ನು ಹಿಂದೆ ನಿಲ್ಲಿಸಿದರೆ ಹೇಗೆ ಅಂತ ಸ್ವಲ್ಪ ಜೋರಾಗಿಯೇ ಕೇಳಿದೆ. "ಎರಡು ತಿಂಗಳು ನೋಡಿ ಮೇಡಂ" ಅಂದರು ಅವರು. ನಾನು ಇನ್ನೂ ಏನೇನೋ ಅಂದೆ, ಅದೆಲ್ಲ ಇಲ್ಲಿ ಬೇಡ. ಫುಟ್ಬಾಲ್ ಬಗ್ಗೆ ಆಗ ನನಗೆ ಗೊತ್ತಿದ್ದದ್ದು ಅಷ್ಟೇ: ಗೋಲು ಹೊಡೆಯುವವರು ಆಡುತ್ತಾರೆ, ಉಳಿದವರು ಜೊತೆಗೆ ಓಡುತ್ತಾರೆ.

ಆ ವಾರವೇ ನೀನು ಫುಟ್ಬಾಲ್ ಕತೆಯ ಆ ಜಪಾನಿ ಅನಿಮೆ, ಅದೇ ಕಾರ್ಟೂನ್ ಸರಣಿ, ಶುರು ಮಾಡಿದೆ. 'ಆವೋ ಆಶಿ'. ಗೋಡೆಯಾಚೆಯಿಂದ ಬರೀ ಕೂಗಾಟ, ವಿಸಲ್ಲು. ಈ ಹುಡುಗಿ ರಾತ್ರಿಯೆಲ್ಲ ಏನು ನೋಡ್ತಾಳೆ ಅಂತ ಒಂದು ದಿನ ನೀನು ಮಲಗಿದ ಮೇಲೆ ಬಟ್ಟೆ ಮಡಚುತ್ತಾ ನಾನೂ ಹಾಕಿದೆ. ಮಡಚಿದ ಬಟ್ಟೆಗಿಂತ ಮಡಚದೆ ಉಳಿದದ್ದೇ ಜಾಸ್ತಿ ಆಯ್ತು. 24 ಎಪಿಸೋಡ್ ಮುಗಿಸಲು ಎಂಟು ರಾತ್ರಿ ಹಿಡಿಯಿತು. ನಿನ್ನ ಅಪ್ಪ ಎದ್ದು ಬಂದು ಎರಡು ಸಲ ಬೈದರು. ಮೂರನೇ ಸಲ ಅವರೂ ಪಕ್ಕದಲ್ಲಿ ಕೂತರು.

ಅದರ ನಾಯಕ ಆ ಆಶಿತೊ ನನಗೆ ಮೊದಲಿಗೆ ಇಷ್ಟ ಆಗಲಿಲ್ಲ. ಶಿಕೋಕು ದ್ವೀಪದ ಎಹಿಮೆಯ ಹುಡುಗ. ಇಬ್ಬರು ಗಂಡು ಮಕ್ಕಳನ್ನು ಒಬ್ಬಳೇ ಸಾಕಿದ ಅಮ್ಮ. ಇವನು ನೋಡಿದರೆ ಚೆಂಡು ಸಿಕ್ಕರೆ ಸಾಕು, ಗೋಲು ನಂದೇ ಅನ್ನುತ್ತಾನೆ, ಸಿಟ್ಟು ಬಂದರೆ ಎದುರಾಳಿಗೆ ತಲೆಯಿಂದ ಗುದ್ದಿ ಕೆಂಪು ಕಾರ್ಡ್ ತಗೋತಾನೆ. ಅಲ್ಲಿ ಹೈಸ್ಕೂಲ್ ಫುಟ್ಬಾಲ್ ಅಂದರೆ ಸಣ್ಣ ವಿಷಯ ಅಲ್ಲ, ಚಳಿಗಾಲದ ಹೈಸ್ಕೂಲ್ ಟೂರ್ನಿಯನ್ನು ದೇಶವೇ ಟಿವಿಯಲ್ಲಿ ನೋಡುತ್ತದಂತೆ. ಆ ದಾರಿಯನ್ನು ಇವನು ಒಂದೇ ಗುದ್ದಿಗೆ ಮುಚ್ಚಿಕೊಂಡ. ಉಳಿದದ್ದು ಇನ್ನೊಂದು ದಾರಿ, ದೊಡ್ಡ ಕ್ಲಬ್‌ಗಳ ಯೂತ್ ತಂಡ. ಟೋಕಿಯೋದ ಎಸ್ಪೆರಿಯನ್ ಯೂತ್ ತಂಡದ ಕೋಚ್ ಫುಕುದಾ ಇವನ ಆಟ ನೋಡಿ, ಬಂದು ಟ್ರಯಲ್ಸ್ ಕೊಡು ಅನ್ನುತ್ತಾನೆ.

ಫುಕುದಾ ನೋಡಿದ್ದು ಇವನ ಒದೆತವನ್ನಲ್ಲ ಅನ್ನೋದು ನನಗೆ ಎಷ್ಟೋ ಎಪಿಸೋಡ್ ಆದ ಮೇಲೆ ಅರ್ಥ ಆಯ್ತು. ಆಟ ನಡೆಯುತ್ತಿದ್ದಾಗ ಮೈದಾನದಲ್ಲಿ ಯಾರು ಎಲ್ಲಿದ್ದಾರೆ ಅಂತ ಈ ಹುಡುಗನ ತಲೆಯಲ್ಲಿ ಉಳಿದುಬಿಡುತ್ತದೆ. ಅದು ಎಲ್ಲರಿಗೂ ಹಾಗೇ ಇರುತ್ತೆ ಅಂದುಕೊಂಡಿದ್ದ ಪಾಪ. ನಮ್ಮ ಅಜ್ಜಿ ಮದುವೆಮನೆಯಲ್ಲಿ ಒಂದು ಸುತ್ತು ಬಂದು, ಯಾರು ಯಾವ ಪಂಕ್ತಿಯಲ್ಲಿ ಕೂತಿದ್ದಾರೆ, ಯಾರಿಗೆ ಇನ್ನೂ ಪಾಯಸ ಬಂದಿಲ್ಲ ಅಂತ ಹೇಳುತ್ತಿದ್ದರು, ಹಾಗೆ.

ಆಮೇಲೆ ಆ ಎಪಿಸೋಡ್. ಯಾವುದು ಅಂತ ನಿನಗೆ ಗೊತ್ತು. ಊರು ಬಿಟ್ಟು, ಅಮ್ಮನನ್ನು ಬಿಟ್ಟು, ಫಾರ್ವರ್ಡ್ ಆಗಲು ಬಂದ ಹುಡುಗನಿಗೆ ಫುಕುದಾ ತಣ್ಣಗೆ ಹೇಳುತ್ತಾನೆ, ನೀನು ಸೈಡ್ ಬ್ಯಾಕ್ ಆಗು ಅಂತ. ನಾವು ಲೆಫ್ಟ್ ಬ್ಯಾಕ್, ರೈಟ್ ಬ್ಯಾಕ್ ಅನ್ನೋದಕ್ಕೆ ಅವರು ಸೈಡ್ ಬ್ಯಾಕ್ ಅಂತಾರೆ ಅಲ್ವಾ. ಹುಡುಗ ಕುಸಿದುಹೋಗುತ್ತಾನೆ. ನಾನು ಕೈಯಲ್ಲಿದ್ದ ನಿನ್ನ ಜೆರ್ಸಿ ಹಾಗೇ ಹಿಡಿದುಕೊಂಡು ಕೂತಿದ್ದೆ. ನಿನ್ನ ಮುಖ ನೋಡಿದ ಹಾಗೇ ಇತ್ತು ಕಣೇ.

ಒಂದು ಮಾತು ಹೇಳ್ತೀನಿ, ಆ ಫುಕುದಾ ಮಾಡಿದ್ದು ನನಗೆ ಈಗಲೂ ಸರಿ ಅನ್ನಿಸುವುದಿಲ್ಲ. ಮನಸ್ಸಲ್ಲಿ ಏನಿತ್ತೋ ಅದನ್ನು ಎಹಿಮೆಯಲ್ಲೇ ಹೇಳಬಹುದಿತ್ತು. ಹೇಳಿದ್ದರೆ ಹುಡುಗ ಬರುತ್ತಿರಲಿಲ್ಲವೇನೋ, ಅದು ಬೇರೆ ವಿಷಯ. ಆದರೆ ಅವನ ಲೆಕ್ಕ ಮಾತ್ರ ತಪ್ಪಿರಲಿಲ್ಲ. ಎಲ್ಲರನ್ನೂ ನೋಡುವ ಕಣ್ಣು ಇರುವವನನ್ನು ತೀರಾ ಮುಂದೆ ನಿಲ್ಲಿಸಿದರೆ ತನ್ನ ಕಡೆಯವರೆಲ್ಲ ಅವನ ಬೆನ್ನ ಹಿಂದೆ. ಸೈಡ್ ಬ್ಯಾಕ್‌ಗೆ ಒಂದು ಪಕ್ಕದಲ್ಲಿ ಗೆರೆ, ಇಡೀ ಮೈದಾನ ಕಣ್ಣ ಮುಂದೆ. ಇದನ್ನು ನಾನು ಅಡುಗೆಮನೆ ಕಟ್ಟೆಯ ಮೇಲೆ ಹುಣಸೆಬೀಜ ಇಟ್ಟು ನೋಡಿದೆ. 22 ಬೀಜ. ನಗಬೇಡ.

ಇನ್ನೊಂದು ವಿಷಯ ಹುಡುಕಿ ಓದಿದೆ. ಅದೇ ಎಹಿಮೆಯಲ್ಲಿ, ಸೈಜೊ ಅನ್ನೋ ಊರಲ್ಲಿ 1986ರಲ್ಲಿ ಹುಟ್ಟಿದ ನಿಜವಾದ ಆಟಗಾರ ಒಬ್ಬನಿದ್ದಾನೆ, ಯುಟೊ ನಾಗಾಟೊಮೊ. ಅವನನ್ನೂ ಅಮ್ಮ ಒಬ್ಬಳೇ ಸಾಕಿದ್ದು. ಎಹಿಮೆಯ ಕ್ಲಬ್‌ನ ಮಕ್ಕಳ ತಂಡದ ಟ್ರಯಲ್ಸ್‌ನಲ್ಲೇ ಫೇಲಾಗಿದ್ದ. ಮೆಯ್ಜಿ ವಿಶ್ವವಿದ್ಯಾಲಯಕ್ಕೆ ಹೋದರೆ ಬೆನ್ನುಮೂಳೆಯ ತೊಂದರೆ, ಆಡುವ ಹಾಗಿಲ್ಲ. ಗ್ಯಾಲರಿಯಲ್ಲಿ ನಿಂತು ತನ್ನ ತಂಡಕ್ಕೆ ಡೋಲು ಬಾರಿಸುತ್ತಿದ್ದನಂತೆ! ಮಿಡ್‌ಫೀಲ್ಡ್‌ನಲ್ಲಿ ಆಡುತ್ತಿದ್ದವನನ್ನು ಸೈಡ್ ಬ್ಯಾಕ್ ಮಾಡಿದ್ದೂ ಅಲ್ಲೇ. ಆಮೇಲೆ ಇಟಲಿಯ ದೊಡ್ಡ ಕ್ಲಬ್ ಇಂಟರ್ ಮಿಲಾನ್, 2010ರಿಂದ 2022ರವರೆಗೆ ಸಾಲಾಗಿ ನಾಲ್ಕು ವಿಶ್ವಕಪ್. ಡೋಲಿನ ಕತೆಯನ್ನು ನಿನ್ನ ಅಪ್ಪನಿಗೆ ಹೇಳಿದೆ, ನಂಬಲಿಲ್ಲ.

ನೀನು ಅಂದೆಯಲ್ಲ, "ಡಿಫೆಂಡರ್ ಹೆಸರು ಯಾರಿಗೆ ನೆನಪಿರುತ್ತೆ ಅಮ್ಮಾ" ಅಂತ. 2011ರ ಮಹಿಳಾ ವಿಶ್ವಕಪ್ ಫೈನಲ್ ಯೂಟ್ಯೂಬಲ್ಲಿ ನೋಡು. ಜಪಾನ್, ಅಮೆರಿಕ, 2-2, ಪೆನಾಲ್ಟಿ. ಕಪ್ ಗೆಲ್ಲಿಸಿದ ಆ ಕೊನೆಯ ಪೆನಾಲ್ಟಿ ಹೊಡೆದವಳು ಸಾಕಿ ಕುಮಗಾಯಿ. 20 ವರ್ಷದ ಡಿಫೆಂಡರ್. ವಾದ ಗೆಲ್ಲೋಕೆ ಹೇಳ್ತಿಲ್ಲ. ಸರಿ, ಸ್ವಲ್ಪ ಅದಕ್ಕೂ ಹೌದು.

ಈಗ ಹೋದ ಭಾನುವಾರದ್ದು. ನಾನು ಯಾವಾಗಲೂ ಗೋಲಿನ ಹಿಂದೆ, ಹೊಂಗೆ ಮರದ ಕೆಳಗೆ ನಿಲ್ಲುತ್ತಿದ್ದೆ, ನೀನು ಗೋಲು ಹೊಡೆಯೋದು ಅಲ್ಲಿಂದ ಚೆನ್ನಾಗಿ ಕಾಣುತ್ತೆ ಅಂತ. ಭಾನುವಾರ ಜಾಗ ಬದಲಾಯಿಸಿ ಎಡಗಡೆ ಗೆರೆಯ ಪಕ್ಕ ಬಂದು ನಿಂತೆ, ಬಿಸಿಲಿನಲ್ಲಿ. ಅನಿಮೆಯಲ್ಲಿ ಆ ಕುರಿಬಾಯಾಶಿ ಇದ್ದಾನಲ್ಲ, ದೊಡ್ಡವರ ತಂಡದಲ್ಲಿ ಆಡುವ ಹುಡುಗ, ಚೆಂಡು ಬರುವ ಮೊದಲೇ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿರುತ್ತಾನೆ. ನಾನು ನಿನ್ನ ಕತ್ತನ್ನೇ ನೋಡುತ್ತಿದ್ದೆ. ಮೊದಲರ್ಧದಲ್ಲಿ ನೀನು ನೋಡಿದ್ದು ಚೆಂಡನ್ನು ಮಾತ್ರ. ಎರಡು ಸಲ ಆ ಎತ್ತರದ ಹುಡುಗಿ ನಿನ್ನನ್ನು ದಾಟಿಕೊಂಡು ಹೋದಳು, ನೀನು ಕೋಚ್ ಕಡೆ ಹೇಗೆ ನೋಡಿದೆ ಅಂದರೆ ತಪ್ಪು ಅವರದ್ದೇ ಅನ್ನೋ ಹಾಗೆ.

ಎರಡನೇ ಅರ್ಧದಲ್ಲಿ ಒಂದು ಸಲ ಗೋಲ್‌ಕೀಪರ್ ಹುಡುಗಿ ನಿನಗೆ ಚೆಂಡು ಉರುಳಿಸಿದಳು. ಅದು ಬರುವಷ್ಟರಲ್ಲಿ ನೀನು ಬಲ ಭುಜದ ಮೇಲಿಂದ ಒಂದು ಸಲ ನೋಡಿದೆ, ಮತ್ತೊಂದು ಸಲ ನೋಡಿದೆ. ಎತ್ತರದ ಹುಡುಗಿ ಓಡಿ ಬರುತ್ತಿದ್ದಳು. ನೀನು ಚೆಂಡನ್ನು ನಿಲ್ಲಿಸಲೇ ಇಲ್ಲ, ಎಡಗಾಲಿನ ಒಳಪಕ್ಕದಿಂದ ಮೆಲ್ಲಗೆ ಗೆರೆಯ ಕಡೆ ತಳ್ಳಿದೆ, ಅವಳು ಬಂದ ವೇಗಕ್ಕೆ ಹಾಗೇ ಮುಂದೆ ಹೋದಳು, ನೀನು ತಲೆ ಎತ್ತಿ ಮಧ್ಯದಲ್ಲಿ ಖಾಲಿ ನಿಂತಿದ್ದ ಹುಡುಗಿಗೆ ಪಾಸ್ ಕೊಟ್ಟೆ. ಅಷ್ಟೇ. ಗೋಲೇನೂ ಆಗಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ, ನಾನೂ ತಟ್ಟಲಿಲ್ಲ, ಯಾಕೆಂದರೆ ಕೈಯಲ್ಲಿ ಕೊಡೆ, ನೀರಿನ ಬಾಟಲು ಎರಡೂ ಇತ್ತು. ಕೋಚ್ ಮಾತ್ರ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಮ್ಯಾಚ್ ಮುಗಿದ ಮೇಲೆ ನೀನು ಬೂಟು ಕುಟ್ಟಿ ಮಣ್ಣು ಉದುರಿಸುತ್ತಿದ್ದಾಗ ಹೋಗಿ ಅವರಿಗೆ ಸಾರಿ ಹೇಳಿದೆ. ಅವರು ನಕ್ಕರು. "ಈ ತಂಡದಲ್ಲಿ ಅಷ್ಟೂ ಅಮ್ಮಂದಿರು ಫೋನ್ ಮಾಡಿದ್ದಾರೆ ಮೇಡಂ" ಅಂದರು. ನಿನಗೆ ನೇರವಾಗಿ ಕಾರಣ ಹೇಳಿ ಅಂತ ಕೇಳಿಕೊಂಡಿದ್ದೇನೆ, ಹುಬ್ಬಳ್ಳಿಯಲ್ಲಿ ಹೇಳುತ್ತಾರೆ. ಕೇಳಿದ ಮೇಲೂ ಸಿಟ್ಟಿದ್ದರೆ ಇರಲಿ. ಆಶಿತೊಗೂ ಒಂದೇ ದಿನಕ್ಕೆ ಇಳಿಯಲಿಲ್ಲ.

ಅವನ ಅಮ್ಮನೂ ಅವನು ಊರು ಬಿಡುವಾಗ ಪತ್ರ ಕೊಡುತ್ತಾಳೆ, ಅವನು ಅದನ್ನು ಓದಿ ಗಳಗಳ ಅಳುತ್ತಾನೆ. ನಾನು ಅಂಥದ್ದೇನೂ ಬರೆದಿಲ್ಲ, ನೀನು ಹೋಗ್ತಿರೋದು ಮೂರು ದಿನಕ್ಕೆ. ಒದ್ದೆ ಸಾಕ್ಸ್ ಬೇರೆ ಕವರಿನಲ್ಲಿ ಹಾಕು. ರಾತ್ರಿ ಫೋನ್ ಮಾಡು.

ಚಕ್ಕುಲಿ ಎಲ್ಲರಿಗೂ ಸಾಲುತ್ತದೆ. ಗೋಲ್‌ಕೀಪರ್ ಹುಡುಗಿಗೆ ಎರಡು ಜಾಸ್ತಿ ಕೊಡು, ಈಗ ನಿನ್ನ ಹಿಂದೆ ಇರೋದು ಅವಳೊಬ್ಬಳೇ.

ನಿನ್ನ ಅಮ್ಮ