ಸೂರಿರುವ ಸೇತುವೆಗೆ ಕೂಸನ್ನು ಕರೆದೊಯ್ಯುವ ಮುನ್ನ

ಚಿ. ಅಪ್ಪಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಅಕ್ಟೋಬರಿನಲ್ಲಿ ಕೂಸನ್ನು ಅಮೆರಿಕದ ನ್ಯೂಹ್ಯಾಂಪ್‌ಷೈರ್, ವರ್ಮಾಂಟ್ ರಾಜ್ಯಗಳ ನಡುವಿನ ಹಳೆಯ ಮರದ ಸೇತುವೆ ಕಾರ್ನಿಷ್–ವಿಂಡ್ಸರ್‌ಗೆ ಕರೆದುಕೊಂಡು ಹೋಗುವ ಯೋಚನೆ ಇದೆ ಎಂದು ಬರೆದಿದ್ದೀಯ. ಸಂತೋಷ. ಆದರೆ ಬಾಸ್ಟನ್ನಿನಿಂದ ಎರಡೂಕಾಲು ಗಂಟೆ ಕಾರು ಓಡಿಸಿ, ಒಂದೇ ನಿಮಿಷದಲ್ಲಿ ಸೇತುವೆ ದಾಟಿ, ಆಚೆ ದಡದಲ್ಲಿ ಒಂದು ಫೋಟೊ ತೆಗೆದು ತಿರುಗುವವರೇ ಹೆಚ್ಚು. ಏಳು ವರ್ಷದ ಮಗುವಿಗೆ ಅದರಲ್ಲಿ ದಕ್ಕುವುದು ಒಂದು ಕ್ಷಣದ ಕತ್ತಲೆ ಮಾತ್ರ. ಸೇತುವೆಗೆ ಮನೆಯ ಹಾಗೆ ಸೂರು ಯಾಕೆ ಬೇಕಾಯಿತು ಎನ್ನುವುದು ಅವಳಿಗೆ ತನ್ನ ಕಣ್ಣಿನಿಂದಲೇ ತಿಳಿಯಬೇಕು. ದಿನವನ್ನು ಅದಕ್ಕೆ ತಕ್ಕ ಹಾಗೆ ಹೊಂದಿಸಿಕೋ.

ಕೆಲಸ ಹಿಂದಿನ ರಾತ್ರಿಯೇ ಶುರುವಾಗಲಿ. ದಪ್ಪ ರಟ್ಟಿನಲ್ಲಿ ಒಂದೂವರೆ ಸೆಂಟಿಮೀಟರ್ ಅಗಲದ ಐದು ಪಟ್ಟಿ ಕತ್ತರಿಸು. ನಾಲ್ಕಕ್ಕೆ ತೂತಿನಿಂದ ತೂತಿಗೆ 10 ಸೆಂಟಿಮೀಟರ್ ಇರಲಿ, ಐದನೆಯದಕ್ಕೆ 14. ಐಸ್‌ಕ್ರೀಂ ಕಡ್ಡಿ ಬೇಡ, ತೂತು ಹೊಡೆಯುವಾಗ ಎಳೆಯುದ್ದಕ್ಕೂ ಸೀಳುತ್ತದೆ. ನಾಲ್ಕು ಪಟ್ಟಿಗಳನ್ನು ಹಿತ್ತಾಳೆಯ ಕವಲು ಪಿನ್ನಿನಿಂದ ಚೌಕವಾಗಿ ಕಟ್ಟಿಸು. ಒಂದು ಮೂಲೆ ಒತ್ತಲು ಹೇಳು. ಚೌಕ ವಾಲಿ ಬೀಳುತ್ತದೆ. ಈಗ 14ರ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಸೇರಿಸಿದರೆ ಎಷ್ಟು ಒತ್ತಿದರೂ ಅಲುಗದು. ಚೌಕ ಎರಡು ತ್ರಿಕೋನವಾಗಿದೆ, ಅಷ್ಟೇ ಗುಟ್ಟು. ಇದು ಕೈಗೆ ಗೊತ್ತಾದ ಮಗು ಮರುದಿನ ಸೇತುವೆಯ ಪಕ್ಕದ ಗೋಡೆ ಕಂಡಾಗ ನೀನು ಏನೂ ಹೇಳಬೇಕಾಗುವುದಿಲ್ಲ.

ಯಾಕೆಂದರೆ ಆ ಗೋಡೆಯೇ ಸೇತುವೆ. ಹೊರಗಿನ ಹಲಗೆಯ ಹಿಂದೆ ಮರದ ತೊಲೆಗಳು ಓರೆಯಾಗಿ, ಒಂದನ್ನೊಂದು ದಾಟಿ, ಜಾಲರಿಯಂತೆ ಕೂತಿವೆ. ಈ ಜಾಲರಿ ಕ್ರಮಕ್ಕೆ ಇಥಿಯಲ್ ಟೌನ್ ಎಂಬ ವಾಸ್ತುಶಿಲ್ಪಿ 1820ರಲ್ಲಿ ಪೇಟೆಂಟ್ ಪಡೆದ. ಅವನ ಜಾಣತನ ಇಷ್ಟು: ದೊಡ್ಡ ದಿಮ್ಮಿಯೂ ಬೇಡ, ನುರಿತ ಸೇತುವೆ ಕಟ್ಟುವವರೂ ಬೇಡ. ಊರಿನ ಗರಗಸದ ಮಿಲ್ಲಿನಲ್ಲಿ ಸಿಗುವ ಹಲಗೆ, ಕೂಡುವಲ್ಲೆಲ್ಲ ತೂತು ಕೊರೆದು ಹೊಡೆದ ಮರದ ಗೂಟ, ಸಾಧಾರಣ ಬಡಗಿಗಳು ಸಾಕು. ಕಾರ್ನಿಷ್–ವಿಂಡ್ಸರ್‌ನಲ್ಲಿ ಹಲಗೆಯ ಬದಲು ಚೌಕ ಕೊರೆದ ದಪ್ಪ ಮೋಪು ಹಾಕಿದ್ದಾರೆ, ಅದೇ ಇದರ ವಿಶೇಷ. ಒಳಗಿನಿಂದ ದಾಟುವಾಗ ಕೂಸು ಕಿಟಕಿಯಿಂದ ತ್ರಿಕೋನಗಳನ್ನು ಹುಡುಕಲಿ.

ಸೂರಿನ ಮಾತು ಅವಳಿಗೆ ನಮ್ಮೂರಿನಿಂದಲೇ ಹೇಳಬಹುದು. ಮಲೆನಾಡಿನಲ್ಲಿ ಹಳ್ಳಕ್ಕೆ ಅಡಿಕೆ ಮರ ಅಡ್ಡ ಹಾಕಿ ಕಟ್ಟುವ ಕಾಲುಸಂಕ ನೆನಪಿಸು. ಒಂದೆರಡು ಮಳೆಗಾಲಕ್ಕೆ ಕೊಳೆತು ಮತ್ತೆ ಹೊಸದು ಕಟ್ಟಬೇಕು. ಮರ ನೆನೆದು ಬೇಗ ಒಣಗಿದರೆ ಕೇಡಿಲ್ಲ. ಎರಡು ಮರ ಕೂಡುವ ಸಂದಿಯಲ್ಲಿ ನೀರು ನಿಂತಾಗ ಶಿಲೀಂಧ್ರ ಹಿಡಿದು ಒಳಗಿನಿಂದ ತಿನ್ನುತ್ತದೆ. ಜಾಲರಿ ಸೇತುವೆಯಲ್ಲಿ ಇಂಥ ಸಂದಿಗಳೇ ನೂರಾರು. ಹಾಗಾಗಿ ಸೂರು ಗಾಡಿಯವರು ನೆನೆಯದಿರಲೆಂದಲ್ಲ, ಗೂಟಗಳು ನೆನೆಯದಿರಲೆಂದು. ಇನ್ನೊಂದನ್ನು ಹೇಳಿದರೆ ಅವಳ ಕಣ್ಣು ಅರಳುತ್ತದೆ: ಚಳಿಗಾಲದಲ್ಲಿ ಜಾರುಬಂಡಿಗಳನ್ನು ಎಳೆಯಲು ಸೇತುವೆಯೊಳಗೆ ಹಿಮವೇ ಇರುತ್ತಿರಲಿಲ್ಲ, ಆದ್ದರಿಂದ ಹೊರಗಿನ ಹಿಮವನ್ನು ಸಲಿಕೆಯಲ್ಲಿ ತಂದು ಒಳಗೆ ಹರಡುತ್ತಿದ್ದರು.

ಇತಿಹಾಸ ಹೆಚ್ಚು ಬೇಡ. ಅದೇ ಜಾಗದಲ್ಲಿ ಮೊದಲು ಕಟ್ಟಿದ ಮೂರು ಸೇತುವೆಗಳನ್ನು ಕನೆಕ್ಟಿಕಟ್ ನದಿಯ ನೆರೆ ಒಯ್ದಿತು. ಈಗಿನದು 1866ರದು, ಜೇಮ್ಸ್ ಟಾಸ್ಕರ್ ಮತ್ತು ಬೇಲಾ ಫ್ಲೆಚರ್ ಕಟ್ಟಿದ್ದು, ಖರ್ಚು 9,000 ಡಾಲರ್, ಉದ್ದ ಸುಮಾರು 450 ಅಡಿ. ನದಿಯ ನಡುವೆ ಕಂಬ ಒಂದೇ. ವಿಂಡ್ಸರ್ ಕಡೆಯ ಬಯಲಿನಲ್ಲಿ ಚೌಕಟ್ಟು ಜೋಡಿಸಿ ನೋಡಿ, ಆಮೇಲೆ ನದಿಗೆ ತಂದರು. 1943ರವರೆಗೂ ಸುಂಕ ಇತ್ತು. ಬಾಗಿಲ ಮೇಲಿನ ಫಲಕವನ್ನು ಅವಳೇ ಓದಲಿ: ಕುದುರೆಯನ್ನು ನಿಧಾನ ನಡೆಸಿ, ಇಲ್ಲವೇ ಎರಡು ಡಾಲರ್ ದಂಡ ಕೊಡಿ. ಇಲ್ಲಿರುವ ಮರವೆಲ್ಲ 1866ರದೆಂದು ಮಾತ್ರ ಹೇಳಬೇಡ. 1989ರಲ್ಲಿ ಮುಗಿದ ದೊಡ್ಡ ದುರಸ್ತಿಯಲ್ಲಿ ಅಂಟಿನಿಂದ ಪದರ ಕೂಡಿಸಿದ ಹೊಸ ತೊಲೆಗಳು ಬಂದವು. ದೇಶದ ಸೂರಿರುವ ಸೇತುವೆಗಳಲ್ಲೇ ಅತಿ ಉದ್ದದ್ದು ಎಂಬ ಹೆಸರೂ 2008ರಲ್ಲಿ ಒಹಾಯೊದ ಸ್ಮೋಲನ್–ಗಲ್ಫ್ ಸೇತುವೆಗೆ ಹೋಯಿತು. ಅದು 613 ಅಡಿ. ನಿಜ ಹೇಳಿದರೆ ಮಗುವಿಗೆ ಸೇತುವೆ ಸಣ್ಣದಾಗಿ ಕಾಣುವುದಿಲ್ಲ.

ದಿನ ಆರಿಸುವಾಗ ಅಕ್ಟೋಬರಿನ ಎರಡನೇ ಸೋಮವಾರದ ರಜೆಯ ವಾರಾಂತ್ಯ ಬಿಡು. ಉದುರುವ ಮುನ್ನ ಬಣ್ಣ ತಿರುಗುವ ಎಲೆ ನೋಡುವ ಜನ ಆಗಲೇ ಅಲ್ಲಿ ನೆರೆಯುತ್ತಾರೆ. ಆ ಭಾಗದಲ್ಲಿ ಬಣ್ಣ ಸಾಮಾನ್ಯವಾಗಿ ಅಕ್ಟೋಬರಿನ ಮೊದಲ ಎರಡು ವಾರ. ಅದರ ಹಿಂದಿನ ಶನಿವಾರವೋ ವಾರದ ನಡುವಿನ ಒಂದು ರಜೆಯ ದಿನವೋ ಒಳ್ಳೆಯದು. 93ನೇ ಹೆದ್ದಾರಿಯಲ್ಲಿ ಕಾಂಕರ್ಡ್, ಅಲ್ಲಿಂದ 89ನೇ ಹೆದ್ದಾರಿಯಲ್ಲಿ ವೆಸ್ಟ್ ಲೆಬನಾನ್, ಆಮೇಲೆ 12ಎ ರಸ್ತೆ ಹಿಡಿದು ದಕ್ಷಿಣಕ್ಕೆ. ವೆಸ್ಟ್ ಲೆಬನಾನ್ ಅಂಗಡಿಗಳಲ್ಲೇ ಶೌಚ, ನೀರು, ಪೆಟ್ರೋಲು ಎಲ್ಲ ಮುಗಿಸಿಕೋ. ಅದರಾಚೆ ಹೊಲ, ಕಾಡು, ನದಿ ಮಾತ್ರ.

ಸೇತುವೆ ಹತ್ತಿರ ಹತ್ತೂವರೆಗೆ ತಲುಪುವಂತೆ ಹೊರಡು. ಅದಕ್ಕೆ ಮುಂಚೆ ನದಿಯ ಮೇಲೆ ಮಂಜು ಕೂತಿರುತ್ತದೆ. ಮಧ್ಯಾಹ್ನದ ಮೇಲೆ ಬಿಸಿಲು ಪಶ್ಚಿಮಕ್ಕೆ ತಿರುಗಿ ಆಸ್ಕಟ್ನಿ ಬೆಟ್ಟ ಬರಿಯ ನೆರಳಾಗುತ್ತದೆ. ಬೆಳಿಗ್ಗೆ ನ್ಯೂಹ್ಯಾಂಪ್‌ಷೈರ್ ದಡದಲ್ಲಿ ನಿಂತರೆ ಸೂರ್ಯ ಬೆನ್ನಿಗೆ, ಮುಂದೆ ಸೇತುವೆ, ಅದರ ಹಿಂದೆ ಬೆಟ್ಟ. ಹದಿನೈದು ನಿಮಿಷ ಅಲ್ಲೇ ಕೂತು ಒಂದು ಕಾಗದದ ಮೇಲೆ ಅವಳಿಂದ ಚಿತ್ರ ಬರೆಸು. ಬರೆಯುವಾಗ ಕಣ್ಣು ನೋಡುವಷ್ಟು ಫೋಟೊ ತೆಗೆಯುವಾಗ ನೋಡುವುದಿಲ್ಲ.

ಈಗ ಕಟ್ಟುನಿಟ್ಟಿನ ಮಾತು. ಆ ಸೇತುವೆಯೊಳಗೆ ಕೂಸನ್ನು ಕಾಲ್ನಡಿಗೆಯಲ್ಲಿ ಕರೆದುಕೊಂಡು ಹೋಗಬೇಡ. ಎರಡೂ ಕಡೆಯಿಂದ ಕಾರುಗಳು ಬರುತ್ತವೆ, ಬೇರೆ ಕಾಲುದಾರಿಯಿಲ್ಲ. ಬಿಸಿಲಿನಿಂದ ಒಳಗೆ ನುಗ್ಗಿದ ಡ್ರೈವರಿಗೆ ಮೊದಲ ಕೆಲವು ಕ್ಷಣ ಏನೂ ಕಾಣುವುದಿಲ್ಲ. ಎತ್ತರ ಕಡಿಮೆಯಿರುವ ಮಗು ಅಂತೂ ಕಾಣುವುದೇ ಇಲ್ಲ. ದೀಪ ಹಾಕಿ, ನಿಧಾನವಾಗಿ, ಕಿಟಕಿ ಇಳಿಸಿ ಕಾರಿನಲ್ಲೇ ದಾಟು. ಹಲಗೆಗಳ ಸದ್ದು ಕೇಳಲಿ. ಹೋಗಿ, ವಿಂಡ್ಸರ್‌ನಲ್ಲಿ ತಿರುಗಿಸಿ, ಮತ್ತೊಮ್ಮೆ ಬಾ. ಕಾರಿನ ನೆತ್ತಿಯ ಮೇಲೆ ಸೈಕಲ್ ಕಟ್ಟಿದ್ದರೆ ಎತ್ತರದ ಫಲಕ ನೋಡಿಕೋ.

ಮುಟ್ಟಿ ನೋಡುವ ಆಸೆ ತೀರಿಸಲು ಇನ್ನೊಂದಿದೆ. ಕಾರ್ನಿಷ್ ಊರಿನೊಳಗೆ ಮಿಲ್ ಬ್ರೂಕ್ ಹಳ್ಳದ ಮೇಲೆ ಬ್ಲ್ಯಾಕ್‌ಸ್ಮಿತ್ ಶಾಪ್ ಸೇತುವೆ. 1881ರಲ್ಲಿ ಅದೇ ಟಾಸ್ಕರ್ ಕಟ್ಟಿದ್ದು, ಈಗ ನಡೆಯುವವರಿಗೆ ಮಾತ್ರ. ನನ್ನ ಮಾತು ಕೇಳುವುದಾದರೆ ದಿನದ ಹೆಚ್ಚು ಹೊತ್ತು ಇಲ್ಲೇ ಕಳೆ. ಇಲ್ಲಿ ಜಾಲರಿಯಿಲ್ಲ. ನೆಟ್ಟಗಿನ ಕಂಬಗಳು, ಪ್ರತಿ ಕಂಬದ ನೆತ್ತಿಗೆ ಓರೆಯಾಗಿ ಒರಗಿದ ಮರ. ರಾತ್ರಿಯ ರಟ್ಟಿನ ಚೌಕವನ್ನು ಜೇಬಿನಲ್ಲಿ ತಂದಿದ್ದರೆ ಪಕ್ಕಕ್ಕಿಟ್ಟು ಹೋಲಿಸಬಹುದು. ಮರದ ಮೇಲೆ ಕೈಯಾಡಿಸಲಿ, ಮಳೆ ತಾಗುವ ಹೊರ ಹಲಗೆ ಮತ್ತು ಒಳಗಿನ ಒಣ ಮರ ಎರಡನ್ನೂ ಮುಟ್ಟಲಿ. ಸೂರಿನ ಕೆಲಸ ಅಲ್ಲಿಯೇ ಬೆರಳಿಗೆ ಸಿಗುತ್ತದೆ. ಹೆಸರು ಕೊರೆಯುವ ಚಾಳಿಗೆ ಮಾತ್ರ ಬಿಡಬೇಡ.

ಬುತ್ತಿಗೆ ಚಪಾತಿ ಸುರುಳಿ, ಬಿಸಿ ಸಾರಿನ ಒಂದು ಫ್ಲಾಸ್ಕು. ಬೆಳಿಗ್ಗೆ ಸೊನ್ನೆಯ ಹತ್ತಿರ ಇರುವ ಚಳಿ ಮಧ್ಯಾಹ್ನ 15 ಡಿಗ್ರಿಗೆ ಏರಬಹುದು. ಒಂದು ದಪ್ಪ ಜಾಕೆಟ್ಟಿಗಿಂತ ತೆಳು ಅಂಗಿಗಳು ಮೂರು ಮೇಲು. ಸೇಬಿನ ತೋಟಗಳಲ್ಲಿ ಮಾರುವ ಸೈಡರ್ ಡೋನಟ್ಟಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಬೇಡವಾದರೆ ಕೇಳಿ ಕೊಳ್ಳು.

ಉದುರಿದ ಎಲೆಯಲ್ಲಿ ಉರುಳುವಾಗ ಪ್ಯಾಂಟಿನ ತುದಿ ಕಾಲುಚೀಲದೊಳಗಿರಲಿ. ಉಣುಗಿನ ಭಯ ನಮ್ಮ ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಉಣುಗು ಕಚ್ಚಿ ಬರುವುದು ಅಲ್ಲಿ ಮಂಗನ ಕಾಯಿಲೆ, ಇಲ್ಲಿ ಲೈಮ್ ಎಂಬ ರೋಗ. ಚಳಿ ಬಂತೆಂದು ಅವು ಅಡಗುವುದಿಲ್ಲ, ಬೆಳೆದ ಉಣುಗು ಅಕ್ಟೋಬರ್–ನವೆಂಬರಿನಲ್ಲೇ ಚುರುಕು. ಎಳ್ಳಿನ ಕಾಳಿನಷ್ಟಿರುತ್ತದೆ. ಮನೆಗೆ ಬಂದೊಡನೆ ಸ್ನಾನ ಮಾಡಿಸಿ ಕಿವಿಯ ಹಿಂದೆ, ತಲೆಗೂದಲು, ಕಂಕುಳು, ಮೊಣಕಾಲಿನ ಹಿಂದೆ ನೋಡು. ಕಚ್ಚಿದ್ದರೆ ಸಣ್ಣ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ ಎಳೆ. ಎಣ್ಣೆ, ಬೆಂಕಿಕಡ್ಡಿಯ ಉಪಾಯ ಬೇಡ. 24 ಗಂಟೆಯೊಳಗೆ ತೆಗೆದರೆ ಲೈಮ್ ಅಂಟುವ ಸಂಭವ ತೀರಾ ಕಡಿಮೆ.

ಆ ಹೊತ್ತಿಗೆ ಸಂಜೆ ಆರೂಕಾಲಿನ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಮುಸ್ಸಂಜೆಯಲ್ಲಿ ಜಿಂಕೆ, ಮೂಸ್ ಎಂಬ ಭಾರೀ ಜಿಂಕೆಜಾತಿಯ ಪ್ರಾಣಿಗಳು ರಸ್ತೆಗೆ ಇಳಿಯುವುದರಿಂದ ನಾಲ್ಕಕ್ಕೆಲ್ಲ ಹೊರಟುಬಿಡು. ಕೂಸು ಬರೆದ ಸೇತುವೆಯ ಚಿತ್ರ ನನಗೆ ಅಂಚೆಯಲ್ಲಿ ಕಳಿಸು, ತ್ರಿಕೋನಗಳು ಸರಿಯಾಗಿ ಕೂತಿವೆಯೋ ನೋಡುತ್ತೇನೆ.

ಇಂತಿ,
ದೊಡ್ಡಪ್ಪ